ಕಟ್ಟಡ ಕೆಲಸಗಾರರ ಕಣ್ಣು ಮತ್ತು ಮುಖರಕ್ಷೆ

ಕಳೆದ ಬೇಸಗೆಯ ಒಂದು ಸಂಜೆ ಇಪ್ಪತ್ತೆರಡರ ಹರೆಯದ ತರುಣನೊಬ್ಬ ನನ್ನ ಚಿಕಿತ್ಸಾಲಯಕ್ಕೆ ಬಂದ. ಒಂದು ಕೈಯಲ್ಲಿ ಹಳದಿ ಹೆಲ್ಮೆಟ್ಟು, ಇನ್ನೊಂದು ಕೈಯಿಂದ ಬಲಗಣ್ಣಿಗೆ ಒತ್ತಿ ಹಿಡಿದ ಒದ್ದೆ ಟವೆಲ್ಲು. ಮೂರು ದಿನಗಳ ಹಿಂದೆ ಕಬ್ಬಿಣದ ಸರಳು ಕತ್ತರಿಸುವಾಗ ಕಣ್ಣಿಗೆ ಚೂರು ಸಿಡಿದಿತ್ತು. ಜೊತೆಗಾರನೊಬ್ಬ ಬೆಂಕಿಕಡ್ಡಿಯ ತುದಿಯಿಂದ ಅದನ್ನು ತೆಗೆಯಲು ನೋಡಿದ್ದ. ಆಮೇಲೆ ಯಾರೋ ನಂದಿಬಟ್ಟಲು ಹೂವಿನ ರಸ ಬಿಟ್ಟಿದ್ದರು, ಮತ್ತಾರೋ ಹರಳೆಣ್ಣೆ. ದೀಪ ಹಿಡಿದು ನೋಡಿದರೆ ಕರಿಗುಡ್ಡೆಯ ನಟ್ಟನಡುವೆ ಕೀವುಗಟ್ಟಿದ ಹುಣ್ಣು. ನಾನು ಒಂದು ತೊಟ್ಟು ಔಷಧಿಯನ್ನೂ ಹಾಕದೆ ಕೂಡಲೇ ಕಣ್ಣಿನ ಆಸ್ಪತ್ರೆಗೆ ಕಳುಹಿಸಿದೆ. ಹುಣ್ಣು ಮಾಯಿತು, ಗುಡ್ಡೆ ಉಳಿಯಿತು. ಆದರೆ ನೋಟಕ್ಕೆ ಅಡ್ಡವಾಗಿ ಬಿಳಿಯ ಕಲೆಯೊಂದು ನಿಂತುಬಿಟ್ಟಿತು. ನಮ್ಮ ಹಳ್ಳಿಗಳಲ್ಲಿ ‘ಕಣ್ಣಲ್ಲಿ ಹೂ ಬಿತ್ತು’ ಎನ್ನುವುದು ಇದನ್ನೇ.

“ಹೆಲ್ಮೆಟ್ ಹಾಕ್ಕೊಂಡೇ ಇದ್ದೆ ರೀ ಸಾಹೇಬ್ರ” ಎಂದು ಆತ ಎರಡು ಮೂರು ಸಲ ಹೇಳಿದ. ಅದು ನಿಜವೇ. ತಲೆಗೆ ರಕ್ಷಣೆಯಿತ್ತು, ಹುಬ್ಬಿನ ಕೆಳಗೆ ಏನೂ ಇರಲಿಲ್ಲ.

ಸುಶ್ರುತಸಂಹಿತೆಯ ಉತ್ತರತಂತ್ರವು ಎಪ್ಪತ್ತಾರು ನೇತ್ರರೋಗಗಳನ್ನು ವಿವರಿಸುತ್ತದೆ. ಕಣ್ಣಿಗೆ ಪೆಟ್ಟು ಬಿದ್ದಾಗಿನ ಉಪಚಾರಕ್ಕೆ ‘ನಯನಾಭಿಘಾತ ಪ್ರತಿಷೇಧ’ ಎಂಬ ಪ್ರತ್ಯೇಕ ಅಧ್ಯಾಯವೇ ಅಲ್ಲಿದೆ. ಆದರೂ ಆಯುರ್ವೇದದಲ್ಲಿ ಎಲ್ಲ ಚಿಕಿತ್ಸೆಗಿಂತ ಮೊದಲು ಬರುವುದು ‘ನಿದಾನ ಪರಿವರ್ಜನ’, ಎಂದರೆ ರೋಗದ ಕಾರಣವನ್ನೇ ದೂರವಿಡುವುದು. ಸರಳು ಕತ್ತರಿಸುವವನಿಗೆ ಆ ಕಾರಣ ಕಣ್ಣೆದುರಿಗೇ ಗಿರಗಿರನೆ ತಿರುಗುತ್ತಿರುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಕಟ್ಟಿಂಗ್ ಮಷೀನಿನ ನಾಲ್ಕು ಅಂಗುಲದ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುತ್ತದೆ. ಆ ವೇಗದಲ್ಲಿ ಸಿಡಿದ ಚೂರಿನೆದುರು ರೆಪ್ಪೆ ಮುಚ್ಚುವಷ್ಟು ವ್ಯವಧಾನವೇ ಇರುವುದಿಲ್ಲ. ಕರಿಗುಡ್ಡೆಯಲ್ಲಿ ನೆಟ್ಟ ಕಬ್ಬಿಣದ ಚೂರು ಕೆಲವೇ ಗಂಟೆಗಳಲ್ಲಿ ತುಕ್ಕು ಬಿಡತೊಡಗುತ್ತದೆ. ಚೂರನ್ನು ತೆಗೆದ ಮೇಲೂ ಅದರ ಸುತ್ತ ಕಂದುಬಣ್ಣದ ಉಂಗುರ ಉಳಿಯುತ್ತದೆ. ಚಕ್ರವೇ ಒಡೆದು ಹಾರಿದರಂತೂ ಕಣ್ಣು, ಮೂಗು, ದವಡೆ ಯಾವುದೂ ಉಳಿಯದು.

ಇಂದು ನಾವು ಕಾಣುವ ಹೆಲ್ಮೆಟ್ಟಿಗೆ ನೂರು ವರ್ಷಗಳ ಇತಿಹಾಸವಿದೆ. ಮೊದಲ ಮಹಾಯುದ್ಧದಿಂದ ಮರಳಿದ ಎಡ್ವರ್ಡ್ ಬುಲ್ಲಾರ್ಡ್ ಎಂಬಾತ ಸೈನಿಕರ ಉಕ್ಕಿನ ಟೊಪ್ಪಿಗೆಯನ್ನು ಕಂಡು, 1919ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಗಣಿಕಾರ್ಮಿಕರಿಗಾಗಿ ಕ್ಯಾನ್ವಾಸು ಮತ್ತು ಅಂಟಿನಿಂದ ಗಟ್ಟಿ ಟೊಪ್ಪಿಗೆ ಮಾಡಿದ. 1933ರಲ್ಲಿ ಅದೇ ಊರಿನ ಗೋಲ್ಡನ್ ಗೇಟ್ ಸೇತುವೆಯ ಕೆಲಸ ಆರಂಭವಾದಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಇಂಥ ಟೊಪ್ಪಿಗೆಯನ್ನು ಕಡ್ಡಾಯ ಮಾಡಿದರು. ಅಲ್ಲಿ ಉಕ್ಕಿನ ಮೇಲೆ ಮರಳು ಚಿಮ್ಮಿಸಿ ಉಜ್ಜುವವರಿಗೆ ಬೇರೆಯೇ ಒಂದು ಟೊಪ್ಪಿಗೆ ಸಿದ್ಧವಾಯಿತು. ಅದು ಮುಖವನ್ನೆಲ್ಲ ಮುಚ್ಚುತ್ತಿತ್ತು, ನೋಡಲು ಕಿಟಕಿಯಿತ್ತು, ಕೊಳವೆಯ ಮೂಲಕ ಒಳಗೆ ಶುದ್ಧ ಗಾಳಿ ಬರುತ್ತಿತ್ತು. ಮುಖ ಮುಚ್ಚಿದರೆ ಉಸಿರಿಗೂ ದಾರಿ ಮಾಡಬೇಕೆಂಬುದನ್ನು ಅವರು ಅಂದೇ ಅರಿತಿದ್ದರು.

ನನಗೆ ಅದು ಅರಿವಾದದ್ದು ತಡವಾಗಿ. ಐದು ವರ್ಷಗಳ ಹಿಂದೆ ನಮ್ಮ ಮನೆಯ ಮೇಲಂತಸ್ತು ಕಟ್ಟಿಸುವಾಗ, ವೈದ್ಯನೆಂಬ ಅಭಿಮಾನದಿಂದ ನಾಲ್ಕು ಮುಖರಕ್ಷೆಗಳನ್ನು ತಂದುಕೊಟ್ಟೆ. ಅಂಗಡಿಯಲ್ಲಿ ‘ಫೇಸ್ ಶೀಲ್ಡ್’ ಎಂದು ಕೇಳಿದರೆ ಕೊಡುತ್ತಾರೆ. ವಾರ ಕಳೆಯುವುದರೊಳಗೆ ನಾಲ್ಕೂ ಸೆಂಟ್ರಿಂಗ್ ಕಂಬದ ಮೊಳೆಗೆ ನೇತುಬಿದ್ದಿದ್ದವು. ನನಗೆ ಸಿಟ್ಟು ಬಂತು. ಮೇಸ್ತ್ರಿ ಮಾತ್ರ ನಗುತ್ತ, “ನೀವ ಒಂದ್ ತಾಸು ಹಾಕ್ಕೊಂಡ್ ನೋಡ್ರಿ” ಎಂದ. ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ತೊಟ್ಟು ಗೋಡೆಗಳಿಗೆ ನೀರು ಹೊಡೆಯಲು ನಿಂತೆ. ಇಪ್ಪತ್ತು ನಿಮಿಷವೂ ತಡೆಯಲಿಲ್ಲ. ಉಸಿರಿನ ಹಬೆ ಹಾಳೆಗೆ ಕಟ್ಟಿ ಎದುರಿನದೆಲ್ಲ ಮಸುಕಾಯಿತು. ಎಲಾಸ್ಟಿಕ್ ಪಟ್ಟಿ ಹೆಲ್ಮೆಟ್ಟಿನ ಮೇಲೆ ನಿಲ್ಲದೆ ಜಾರಿತು. ಭಾರವೆಲ್ಲ ಮುಂದಕ್ಕೆ ಎಳೆದು ಕತ್ತಿನ ಹಿಂಭಾಗ ನೋಯತೊಡಗಿತು. ನಾನು ತಂದದ್ದು ಬರಿದಲೆಗೆ ತೊಡುವ ಮಾದರಿ. ತಪ್ಪು ನನ್ನದೇ.

ಹೆಲ್ಮೆಟ್ಟಿಗೆ ಜೋಡಿಸುವ ಮುಖರಕ್ಷೆಯೇ ಬೇರೆ. ಹೆಲ್ಮೆಟ್ಟಿನ ಎರಡೂ ಪಕ್ಕದಲ್ಲಿ, ಕಿವಿಯ ಮೇಲ್ಭಾಗದಲ್ಲಿ, ಸಣ್ಣ ಸೀಳುಗಳಿರುತ್ತವೆ. ಮುಖರಕ್ಷೆಯ ಹಿಡಿಕೆ ಆ ಸೀಳಿನೊಳಗೆ ಕೂರಬೇಕು. ಆದ್ದರಿಂದ ಕೊಳ್ಳುವಾಗ ಹೆಲ್ಮೆಟ್ಟನ್ನೂ ಅಂಗಡಿಗೆ ಒಯ್ಯುವುದು ಉತ್ತಮ. ಸೀಳು ಹೊಂದದಿದ್ದರೆ ಕೆಲವರು ಡ್ರಿಲ್ಲಿನಿಂದ ತೂತು ಕೊರೆದು ಸ್ಕ್ರೂ ಬಿಗಿಯುತ್ತಾರೆ. ಇದು ಕೂಡದು, ತೂತು ಬಿದ್ದಲ್ಲಿ ಹೆಲ್ಮೆಟ್ಟಿನ ಬಲ ಕುಂದುತ್ತದೆ. ಹಾಳೆ ಬಾಗಿದ ಆಕಾರದ್ದಾಗಿರಬೇಕು; ಆಗ ಬಡಿದ ಚೂರು ಪಕ್ಕಕ್ಕೆ ಜಾರುತ್ತದೆ. ಕೆಳಗೆ ಗದ್ದವನ್ನು ದಾಟಿ ಇಳಿಯಬೇಕು, ಮೇಲೆ ಹೆಲ್ಮೆಟ್ಟಿನ ಅಂಚಿಗೂ ಹಾಳೆಗೂ ನಡುವೆ ಸಂದಿ ಇರಬಾರದು. ಹಾಗೆಂದು ಮುಖಕ್ಕೆ ಅಂಟಿಕೊಂಡರೆ ಹಬೆ ಕಟ್ಟುತ್ತದೆ. ಒಳಗೆ ಕನ್ನಡಕ ಹಿಡಿಸುವಷ್ಟು ಅಂತರವಿದ್ದು, ಗದ್ದದ ಕೆಳಗಿನಿಂದ ಗಾಳಿ ಆಡಬೇಕು. ಮೇಲೆತ್ತಿದ ಹಾಳೆ ಅಲ್ಲಿಯೇ ನಿಲ್ಲಬೇಕು. ತಾನಾಗಿ ಕೆಳಗೆ ಬೀಳುವ ಹಾಳೆಯನ್ನು ಯಾರೂ ಎರಡನೆಯ ದಿನ ತೊಡುವುದಿಲ್ಲ. ಹೆಲ್ಮೆಟ್ಟಿನ ಹಿಂದಿನ ತಿರುಪು ಬಿಗಿಯಾಗಿದ್ದರೆ ಮುಂಭಾರವೂ ಅಷ್ಟಾಗಿ ಕಾಡದು.

ಹಾಳೆ ಯಾವುದರದು ಎಂಬುದು ಕೆಲಸವನ್ನು ಅವಲಂಬಿಸಿದೆ. ಸಿಡಿಯುವ ಚೂರಿಗೆ ಪಾಲಿಕಾರ್ಬೊನೇಟ್ ಶ್ರೇಷ್ಠ, ಪೆಟ್ಟು ತಿಂದರೂ ಸುಲಭವಾಗಿ ಒಡೆಯುವುದಿಲ್ಲ. ಆದರೆ ಬೇಗ ಗೀರುತ್ತದೆ, ಥಿನ್ನರ್ ತಾಗಿದರೆ ಬಿರುಕು ಬಿಡುತ್ತದೆ. ಮೈಯೊರೆಸುವ ಟವೆಲ್ಲಿನಿಂದಲೇ ಒಣಗಿದ ಧೂಳನ್ನು ಉಜ್ಜುವುದು ನಮ್ಮವರ ಅಭ್ಯಾಸ. ಹಾಳೆ ಹಾಳಾಗುವುದು ಅದರಿಂದಲೇ. ಮೊದಲು ನೀರು ಹೊಯ್ದು ಧೂಳು ಹೋಗಲಾಡಿಸಿ, ಬಳಿಕ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ತಂತಿಬಲೆಯ ಮುಖರಕ್ಷೆಗೆ ಹಬೆಯ ಕಾಟವಿಲ್ಲ, ಸೆಕೆಯೂ ಕಡಿಮೆ. ಆದರೆ ಅದು ಧೂಳನ್ನೂ ಸುಣ್ಣದ ನೀರನ್ನೂ ತಡೆಯದು. ನಮ್ಮ ದೇಶದ ಮಾನಕ ಐಎಸ್ 8521 ಈ ಎರಡೂ ಬಗೆಗಳಿಗೆ ಪ್ರತ್ಯೇಕ ಭಾಗಗಳನ್ನು ಇಟ್ಟಿದೆ. ಹೆಲ್ಮೆಟ್ಟಿನದು ಐಎಸ್ 2925. ವೆಲ್ಡಿಂಗಿಗೆ ಇವೆರಡೂ ಸಲ್ಲವು. ಅದರ ಕಣ್ಣು ಕೋರೈಸುವ ಬೆಳಕಿಗೆ ಕಪ್ಪು ಗಾಜಿನ ಬೇರೆ ಕವಚವೇ ಬೇಕು.

ಮುಖರಕ್ಷೆ ಇದ್ದರೆ ಸಾಕೆಂದು ತಿಳಿಯಬಾರದು. ಕೆಳಗಿನಿಂದಲೂ ಪಕ್ಕದಿಂದಲೂ ಚೂರು ಒಳನುಗ್ಗಬಹುದಾದ್ದರಿಂದ ಅದರೊಳಗೆ ರಕ್ಷಣಾ ಕನ್ನಡಕವೂ ಇರತಕ್ಕದ್ದು. ಗ್ರಾನೈಟ್ ಕತ್ತರಿಸುವಾಗ ಏಳುವ ನುಣುಪಾದ ಧೂಳು ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ತರುತ್ತದೆ. ಒಮ್ಮೆ ಬಂದರೆ ಅದನ್ನು ವಾಸಿ ಮಾಡುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ಆ ಕೆಲಸಕ್ಕೆ ಧೂಳು ತಡೆಯುವ ಮಾಸ್ಕು ಬೇಕು. ಕಲ್ಲಿಗೆ ನೀರು ಬಿಡುತ್ತ ಕತ್ತರಿಸುವ ಯಂತ್ರವಾದರೆ ಇನ್ನೂ ಮೇಲು.

ಇದೆಲ್ಲ ಗುತ್ತಿಗೆದಾರರ ಜವಾಬ್ದಾರಿ ಎಂದು ಓದುಗರು ಹೇಳಬಹುದು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರದ ಕಾಯಿದೆಯನ್ನು ಬರೆದದ್ದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆಗೆ. ನಾಲ್ಕಾರು ಆಳುಗಳಿಂದ ನಾವು ಕಟ್ಟಿಸುವ ಮನೆಯ ಹತ್ತಿರ ಯಾವ ಸುರಕ್ಷತಾ ಅಧಿಕಾರಿಯೂ ಸುಳಿಯುವುದಿಲ್ಲ. ಅಲ್ಲಿ ಕೇಳುವವರು ಮನೆಯ ಯಜಮಾನರು ಮಾತ್ರ. ಗೃಹಪ್ರವೇಶದ ಊಟಕ್ಕೆ ಲಕ್ಷ ವ್ಯಯಿಸುವವರು ಕಟ್ಟಿಂಗ್ ಮಷೀನ್ ಹಿಡಿಯುವ ಇಬ್ಬರಿಗೆ ಸರಿಯಾದ ಹೆಲ್ಮೆಟ್ಟು, ಮುಖರಕ್ಷೆ, ಕನ್ನಡಕ ಕೊಡಿಸುವುದು ಹೊರೆಯಾಗದು.

ಇಷ್ಟಾಗಿಯೂ ಅವಘಡ ನಡೆದರೆ, ಕಣ್ಣಿನಲ್ಲಿ ನೆಟ್ಟ ಚೂರನ್ನು ಮುಟ್ಟಬೇಡಿ, ಕಣ್ಣು ಉಜ್ಜಬೇಡಿ. ಎದೆಹಾಲು, ಜೇನು, ಹೂವಿನ ರಸ ಯಾವುದನ್ನೂ ಬಿಡಬೇಡಿ. ಆಯುರ್ವೇದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಕಣ್ಣಿಗೆ ಒತ್ತಡ ಬೀಳದಂತೆ ಕಾಗದದ ಲೋಟದ ತಳವನ್ನು ಮೇಲೆ ಮುಚ್ಚಿ, ಅಂದೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸುಣ್ಣ ಅಥವಾ ಸಿಮೆಂಟ್ ಬಿದ್ದರೆ ಮಾತ್ರ ಮೊದಲು ನೀರು. ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ ಇಪ್ಪತ್ತು ನಿಮಿಷ ಎಡೆಬಿಡದೆ ಶುದ್ಧ ನೀರು ಹೊಯ್ಯುತ್ತಲೇ ಇರಬೇಕು, ಆಸ್ಪತ್ರೆ ಆಮೇಲೆ.

ಆ ತರುಣ ಈಗಲೂ ಸರಳು ಕತ್ತರಿಸುವ ಕೆಲಸವನ್ನೇ ಮಾಡುತ್ತಾನೆ. ಹೋದ ತಿಂಗಳು ತಾಯಿಯ ಮಂಡಿನೋವಿಗೆ ತೈಲ ಒಯ್ಯಲು ಬಂದಾಗ ಹೆಲ್ಮೆಟ್ಟಿಗೆ ಮುಖರಕ್ಷೆ ಸಿಕ್ಕಿಸಿಕೊಂಡಿದ್ದ. ಹಾಳೆಯ ತುಂಬ ಗೀರುಗಳು. ಉಳಿದಿರುವ ಒಂದು ಕಣ್ಣಿನಿಂದ ಅದರ ಮೂಲಕ ಏನು ಕಾಣುತ್ತದೆ ಎಂದು ಕೇಳಿದೆ. “ಬರೇ ಹಾಳಿ ಬ್ಯಾರೆ ಸಿಗತೈತೇನ್ರಿ?” ಎಂದ. ಸಿಗುತ್ತದೆಂದು ಹೇಳಿ, ತೈಲದ ಚೀಟಿಯ ಹಿಂದೆಯೇ ಅಂಗಡಿಯ ಹೆಸರು ಬರೆದುಕೊಟ್ಟೆ.