ಬಾಗುವ ಅಯಸ್ಕಾಂತ

ಕಳೆದ ತಿಂಗಳು ಪುಣೆಯ ನಮ್ಮ ಬಿಡಾರದಲ್ಲಿ ಫ್ರಿಜ್ಜಿನ ಬಾಗಿಲಿನ ರಬ್ಬರ್ ಪಟ್ಟಿ ಹರಿಯಿತು. ಕಸಕ್ಕೆ ಹಾಕಹೊರಟ ಹಳೆಯ ಪಟ್ಟಿಯನ್ನು ನಮ್ಮ ಚಿರಂಜೀವಿ ಕಸಿದುಕೊಂಡು ಕಬ್ಬಿಣದ ಕಪಾಟಿಗೆ ಅಂಟಿಸಿದ. “ಅಪ್ಪಾ, ರಬ್ಬರು ಕಬ್ಬಿಣಕ್ಕ ಹ್ಯಾಂಗ ಹತ್ತಿಕೊಂಡದ?” ಎಂದು ಕೇಳಿದ. ನಾವೋ ಬಿ.ಎ. ಓದಿ ಸರಕಾರಿ ಕಚೇರಿಯಲ್ಲಿ ಕಡತ ಕಟ್ಟುವವರು. ವಿಜ್ಞಾನದ ಋಣ ಹೈಸ್ಕೂಲಿಗೇ ತೀರಿತ್ತು. ಆದರೂ ಮಗನೆದುರು ತಲೆ ತಗ್ಗಿಸಬಾರದೆಂದು ಎರಡು ಭಾನುವಾರ ಕುಳಿತು ಓದಿದೆವು. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ಆ ಪಟ್ಟಿಯೊಳಗೆ ಫೆರೈಟ್ ಎಂಬ ಕಾಂತದ ಪುಡಿ ಬೆರೆತಿರುತ್ತದೆ. ಅದರ ಬದಲು ಮೆತ್ತನೆಯ ಸಿಲಿಕೋನ್ ರಬ್ಬರಿನಲ್ಲಿ ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಕೂಡಿದ ಪ್ರಬಲ ಅಯಸ್ಕಾಂತದ ಪುಡಿಯನ್ನು ಕಲಸಬಹುದು. ಅಂಥ ಪಟ್ಟಿಯನ್ನು ಕಡ್ಡಿಗೆ ಸುತ್ತಿ ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಬಿಚ್ಚಿದರೆ, ಒಂದೊಂದು ಭಾಗದ ಕಾಂತದಿಕ್ಕು ಒಂದೊಂದು ಕಡೆಗಿರುತ್ತದೆ. ಆಮೇಲೆ ಹೊರಗಿನಿಂದ ಅಯಸ್ಕಾಂತ ಹಿಡಿದರೆ ಪ್ರತಿ ಭಾಗವೂ ದಿಕ್ಸೂಚಿಯ ಮುಳ್ಳಿನಂತೆ ತಿರುಗಲು ನೋಡುತ್ತದೆ, ರಬ್ಬರು ಹಿಂದಕ್ಕೆಳೆಯುತ್ತದೆ. ಈ ಜಗ್ಗಾಟ ಸರಿತೂಗಿದಲ್ಲಿ ಪಟ್ಟಿಯ ಆಕಾರ ನಿಲ್ಲುತ್ತದೆ. 2018ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಇಂಥ 3.7 ಮಿಲಿಮೀಟರ್ ಉದ್ದದ ಪಟ್ಟಿಯನ್ನು ನಡೆಸಿದರು, ಉರುಳಿಸಿದರು, ಜಿಗಿಸಿದರು, ಈಜಿಸಿದರು. ಅದಕ್ಕೆ ಬ್ಯಾಟರಿಯಿಲ್ಲ, ತಂತಿಯಿಲ್ಲ!

ಆದರೆ ಹೇಳಿದಂತೆ ಕೇಳಿಸುವುದು ಸುಲಭವಲ್ಲ. ಕ್ಷೇತ್ರವನ್ನು ಇಮ್ಮಡಿ ಮಾಡಿದರೆ ಬಾಗು ಇಮ್ಮಡಿಯಾಗುವುದಿಲ್ಲ. ಏಕೆಂದರೆ ಪಟ್ಟಿ ಕ್ಷೇತ್ರದ ದಿಕ್ಕಿಗೆ ತಿರುಗಿದಷ್ಟೂ ಅದನ್ನು ತಿರುಗಿಸುವ ಬಲ ಕುಗ್ಗುತ್ತದೆ. ಚಿಕ್ಕ ಅಯಸ್ಕಾಂತವನ್ನು ಎರಡರಷ್ಟು ದೂರ ಸರಿಸಿದರೆ ಅದರ ಕ್ಷೇತ್ರ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಮೊದಲು ಗಣಿತದಿಂದ ಅಂದಾಜು ಹಾಕಿ, ಬಳಿಕ ಕ್ಯಾಮೆರಾದಿಂದಲೋ ಕ್ಷಕಿರಣದಿಂದಲೋ ನೋಡುತ್ತ ತಿದ್ದಬೇಕು. ಗಾಳಿಪಟ ಹಾರಿಸುವವನೂ ಹಾಗೆಯೇ ತಾನೆ? ಕಣ್ಣು ಪಟದ ಮೇಲೆ, ಕೈ ದಾರದ ಮೇಲೆ.

ಇದನ್ನೆಲ್ಲ ಓದುವಾಗ ನಮಗೆ ಊರಿನಲ್ಲಿರುವ ತೀರ್ಥರೂಪರ ನೆನಪು ಬಿಡಲಿಲ್ಲ. ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ನಾಳದೊಳಗೆ ಸಣ್ಣ ತಂತಿ ತೂರಿಸಿ ಹೆಪ್ಪು ತೆಗೆಯಬಲ್ಲ ವೈದ್ಯರು ದೊಡ್ಡ ಊರಿನಲ್ಲಿದ್ದರು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ನಾವು ಪುಣೆಯಿಂದ ಹೋಗಿ ಸೇರಿದ್ದು ಮರುದಿನ. ಬಲಗೈ ಇಂದಿಗೂ ಏಳುವುದಿಲ್ಲ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು 2019ರಲ್ಲಿ ಇಂಥ ಕಾಂತರಬ್ಬರಿನ ಹೊದಿಕೆಯುಳ್ಳ, ಒಂದು ಮಿಲಿಮೀಟರಿಗಿಂತ ತೆಳುವಾದ ಎಳೆಯನ್ನು ಮಿದುಳಿನ ರಕ್ತನಾಳಗಳ ಮಾದರಿಯಲ್ಲಿ ನಡೆಸಿ ತೋರಿಸಿದರು. 2022ರಲ್ಲಿ ಯಂತ್ರದ ತೋಳಿಗೆ ಅಯಸ್ಕಾಂತ ಕಟ್ಟಿ, ದೂರದಿಂದಲೇ ಹಿಡಿಕೆಯಾಡಿಸಿ ತಂತಿಯ ತುದಿಯನ್ನು ತಿರುಗಿಸುವ ಏರ್ಪಾಟನ್ನು ಮಾದರಿಗಳಲ್ಲೂ ಹಂದಿಗಳಲ್ಲೂ ಪರೀಕ್ಷಿಸಿದರು. ರೋಗಿ ವೈದ್ಯರಿದ್ದಲ್ಲಿಗೆ ಹೋಗಲಾಗದಿದ್ದರೆ ವೈದ್ಯರ ಕೈಯೇ ರೋಗಿಯಿದ್ದಲ್ಲಿಗೆ ಬರಲಿ ಎಂಬುದು ಇದರ ಆಶಯ. ದೊಡ್ಡ ಊರಿನಿಂದ ದೂರವಿರುವ ನಮ್ಮ ಹಿರಿಯರ ಊರುಗಳಿಗೆ ಅದು ಮುಟ್ಟಲು ಇನ್ನೂ ದಾರಿಯುಂಟು.

ದೀಪಾವಳಿಗೆ ಊರಿಗೆ ಹೋದಾಗ ಚಿರಂಜೀವಿ ಆ ಪಟ್ಟಿಯ ತುಂಡನ್ನು ಅಜ್ಜನಿಗೆ ಕೊಟ್ಟ. ಅವರು ಎಡಗೈಯಿಂದ ಅದನ್ನು ಮಂಚದ ಕಬ್ಬಿಣದ ಕಾಲಿಗೆ ಅಂಟಿಸಿ, ಕಿತ್ತು, ಮತ್ತೆ ಅಂಟಿಸಿದರು. “ಮೆತ್ತಗಿದ್ದರೂ ಗಟ್ಟಿ ಹಿಡೀತದ ನೋಡು” ಎಂದು ಮೊಮ್ಮಗನಿಗೆ ಹೇಳಿದರು.