ನಾಯಿಯೊಡನೆ ಮುಂಜಾನೆಯ ನಡಿಗೆ

ನಿತ್ಯ ಮುಂಜಾನೆಯ ಅರ್ಧ ಗಂಟೆಯ ನಡಿಗೆಯು ಹೃದಯಕ್ಕೂ ಮನಸ್ಸಿಗೂ ಹಿತಕರ. ಮನೆಯಲ್ಲಿ ನಾಯಿಯಿದ್ದರೆ ಆ ನಿಯಮವು ಸುಲಭವಾಗಿ ತಪ್ಪುವುದಿಲ್ಲ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರ, ಅಂಕೋಲೆಯ ನದಿಬಾಗದ ತೀರಗಳು ಇದಕ್ಕೆ ಅನುಕೂಲ. ಬಿಸಿಲೇರಿದ ಮರಳು ನಾಯಿಯ ಪಾದವನ್ನು ಸುಡುವುದರಿಂದ ಸೂರ್ಯೋದಯದ ವೇಳೆಯೇ ಲೇಸು. ಚಳಿಗಾಲದಲ್ಲಿ ಕಡಲಾಮೆಗಳು ಈ ಕರಾವಳಿಯ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ನಾಯಿಯು ಗೂಡನ್ನು ಕೆದಕದಂತೆ ನಾವು ಕೈಯಲ್ಲಿನ ಹಗ್ಗವನ್ನು ಬಿಡಬಾರದು.

ಅಣಶಿಯ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದುದು. ಸಾಕುನಾಯಿಯ ರೋಗಗಳು ವನ್ಯಮೃಗಗಳಿಗೆ ಹರಡಬಲ್ಲವಾದ್ದರಿಂದ ಅದನ್ನು ಅಲ್ಲಿಗೆ ಒಯ್ಯಬಾರದು. ಕಾಡಂಚಿನಲ್ಲಿ ನಡೆದು ಬಂದಾಗಲೂ ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಉಣುಗುಗಳಿಂದ ಹರಡುತ್ತದೆ; ನಮ್ಮ ಜಿಲ್ಲೆಯಲ್ಲಿಯೂ ಅದು ಜೀವಗಳನ್ನು ಕೊಂಡೊಯ್ದಿದೆ. ನಾಯಿಯ ಕಿವಿ, ಬೆರಳ ಸಂದುಗಳನ್ನೂ ನಮ್ಮ ಕಾಲುಗಳನ್ನೂ ಪರೀಕ್ಷಿಸಿ, ಉಣುಗನ್ನು ಚಿಮಟದಿಂದ ತೆಗೆಯಬೇಕು, ಬೆರಳಿನಿಂದ ಹಿಸುಕಬಾರದು. ಮುಂದೆ ಜ್ವರ ಬಂದರೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಬೇಕು.

ನಾಯಿಗೆ ಪ್ರತಿವರ್ಷವೂ ರೇಬೀಸ್ ಲಸಿಕೆ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಲಕ್ಷಣಗಳು ತೋರಿದ ಮೇಲೆ ಬದುಕುಳಿಯುವುದು ಅತಿ ವಿರಳ. ನಮ್ಮನ್ನೇ ನಂಬಿದ ಮೂಕಪ್ರಾಣಿಯ ಆರೋಗ್ಯವನ್ನು ಕಾಯುವುದರಲ್ಲಿ ನಮ್ಮ ಮನೆಯ ಆರೋಗ್ಯವೂ ಅಡಗಿದೆ.