ಇರಾನಿನ ಮಕ್ಕಳ ಆಟಕ್ಕೆ ಅಂಕ ಹಾಕುವುದು ಹೇಗೆ?

ಕಲ್ಲನ್ನು ರೊಟ್ಟಿ ಮಾಡಿ, ಬಟ್ಟೆ ಗಂಟನ್ನು ಪಾಪು ಮಾಡಿ ಮಕ್ಕಳು ಆಡುವ ಆಟವನ್ನು ಅಳೆಯಲೂ ಒಂದು ಪರೀಕ್ಷೆ ಇದೆ. ಆಸ್ಟ್ರೇಲಿಯಾದ ಆಕ್ಯುಪೇಷನಲ್ ಥೆರಪಿಸ್ಟ್ ಕ್ಯಾರೆನ್ ಸ್ಟ್ಯಾಗ್ನಿಟಿ ರೂಪಿಸಿದ ಇದರ ಚಿಕ್ಕ ಹೆಸರು ‘ಚಿಪ್ಪಾ’. 3ರಿಂದ 7 ವರ್ಷದ ಮಕ್ಕಳಿಗೆ ಇದು. ಆಟಿಸಂ ಇರಬಹುದು, ಬೆಳವಣಿಗೆ ನಿಧಾನವಿರಬಹುದು ಎಂಬ ಅನುಮಾನ ಬಂದಾಗ, ಮಗು ತಾನಾಗಿಯೇ ಆಟ ಕಟ್ಟುತ್ತದೆಯೇ ಎಂದು ನೋಡುತ್ತಾರೆ. ಇದರ ಪರ್ಷಿಯನ್ ಆವೃತ್ತಿಯ ಅಧ್ಯಯನ 2017ರಲ್ಲಿ ಪ್ರಕಟವಾಯಿತು.

ಎರಡು ಕುರ್ಚಿಗಳ ಮೇಲೆ ಬೆಡ್‌ಶೀಟ್ ಹೊದಿಸಿ ಮಾಡಿದ ಪುಟ್ಟ ಮನೆ, ಅದರ ಮುಂದೆ ಮಗು. ಮೊದಲ ಸುತ್ತಿನಲ್ಲಿ ಗೊಂಬೆ, ಪ್ರಾಣಿ, ಲಾರಿಯಂಥ ಆಟಿಕೆಗಳು. ಎರಡನೆಯದರಲ್ಲಿ ಡಬ್ಬಿ, ಬಟ್ಟೆ, ಕಡ್ಡಿ, ಕಲ್ಲು. ನಾಲ್ಕು ದಾಟಿದವರಿಗೆ ಒಂದೊಂದು ಸುತ್ತಿಗೂ 15 ನಿಮಿಷ: ಐದು ನಿಮಿಷ ಮಗುವಿನ ಪಾಡಿಗೆ ಬಿಟ್ಟು, ನಡುವಿನ ಐದು ನಿಮಿಷದಲ್ಲಿ ಪರೀಕ್ಷಕರು ಕೆಲವು ಆಟ ಆಡಿ ತೋರಿಸಿ, ಉಳಿದ ಐದು ನಿಮಿಷ ಮತ್ತೆ ಮಗುವಿಗೇ ಬಿಡುತ್ತಾರೆ. ಲೆಕ್ಕಕ್ಕೆ ಬರುವುದು ಮೂರು: ಒಂದಕ್ಕೊಂದು ಕೂಡಿಕೊಂಡ ಆಟಗಳ ಶೇಕಡಾವಾರು, ಒಂದು ವಸ್ತುವನ್ನು ಇನ್ನೊಂದಾಗಿ ಎಷ್ಟು ಸಲ ಬಳಸಿತು ಎಂಬುದು, ಪರೀಕ್ಷಕರನ್ನು ನೋಡಿ ಮಾಡಿದ್ದು. ಮೂರನೆಯದು ಜಾಸ್ತಿಯಾದರೆ ಖುಷಿಪಡುವಂತಿಲ್ಲ. ಮಗುವಿನ ಕೈಯಲ್ಲಿ ಸ್ವಂತ ಆಟ ಕಡಿಮೆ ಎಂಬ ಸೂಚನೆ ಅದು.

ಪರೀಕ್ಷಕರು ಆಡುವ ಮಾತೇ ಕಡಿಮೆಯಾದ್ದರಿಂದ ಅನುವಾದ ಸುಲಭದ ಭಾಗ. ಕೈಪಿಡಿಯನ್ನು ಪರ್ಷಿಯನ್‌ಗೆ ತಂದು, ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ, ಎರಡನ್ನೂ ಹೋಲಿಸುವುದು ಇಂಥ ಕೆಲಸದ ವಾಡಿಕೆ. ಕಷ್ಟವಿರುವುದು ಅಂಕ ಹಾಕುವವರ ಕಣ್ಣಿನಲ್ಲಿ.

ತೆಹರಾನಿನ ಹುಡುಗಿಯೊಬ್ಬಳು ಬಟ್ಟೆ ಹಾಸಿ ಅದರ ಅಂಚಿಗೆ ಗೊಂಬೆಯನ್ನು ಕೂರಿಸುತ್ತಾಳೆ ಎಂದುಕೊಳ್ಳಿ. ಕಲ್ಲಿನ ಚೂರೊಂದನ್ನು ಗೊಂಬೆಯ ಬಾಯಿಗಿಟ್ಟು, ಆಮೇಲೆ ಡಬ್ಬಿ ಎತ್ತಿ ಕುಡಿಸುತ್ತಾಳೆ. ಮೆಲ್ಬರ್ನಿನವರಿಗೆ ಆ ಬಟ್ಟೆ ಹಾಸಿಗೆಯಂತೆ ಕಂಡೀತು, ಕಲ್ಲು ಸುಮ್ಮನೆ ತುರುಕಿದಂತೆ ತೋರೀತು. ಇರಾನಿನವರಿಗೆ ಕಾಣುವುದೇ ಬೇರೆ: ಹಾಸಿದ್ದು ಸೊಫ್ರೆ, ಅಂದರೆ ಊಟಕ್ಕೆ ನೆಲದ ಮೇಲೆ ಹರಡುವ ಬಟ್ಟೆ, ಕಲ್ಲು ಸಕ್ಕರೆ ಗಟ್ಟಿ. ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಚಹಾ ಹೀರುವುದು ಅಲ್ಲಿನ ರೂಢಿ. ಬಟ್ಟೆ, ಕಲ್ಲು, ಡಬ್ಬಿ ಮೂರೂ ಬೇರೊಂದಾಗಿವೆ, ಕ್ರಮವೂ ತಪ್ಪಿಲ್ಲ. ಗೊತ್ತಿಲ್ಲದವರು ನೋಡಿದ್ದರೆ ಅಂಕ ಹೋಗುತ್ತಿತ್ತು.

ಆದ್ದರಿಂದಲೇ ಪರೀಕ್ಷೆಯ ಪೆಟ್ಟಿಗೆಯಲ್ಲಿರುವ ಆಟಿಕೆಗಳು ಅಲ್ಲಿನ ಮಕ್ಕಳಿಗೆ ಪರಿಚಿತವೇ, ಗಂಡು ಹೆಣ್ಣು ಇಬ್ಬರೂ ಮುಟ್ಟುತ್ತಾರೆಯೇ ಎಂದು ಸ್ಥಳೀಯ ತಜ್ಞರು ನೋಡಬೇಕು. ಆಮೇಲೆ ಒಂದೇ ವಿಡಿಯೊಗೆ ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಿ ತಾಳೆ ನೋಡಬೇಕು. ಕೆಲವು ದಿನ ಬಿಟ್ಟು ಅದೇ ಮಕ್ಕಳನ್ನು ಮತ್ತೆ ಆಡಿಸಬೇಕು. ಆಸ್ಟ್ರೇಲಿಯಾದ ಮಕ್ಕಳ ಸರಾಸರಿಯನ್ನೇ ಮುಂದಿಟ್ಟುಕೊಂಡು ಇಸ್ಫಹಾನಿನ ಮಗುವನ್ನು ‘ಹಿಂದುಳಿದಿದೆ’ ಎನ್ನುವುದು ನನ್ನ ಮಟ್ಟಿಗೆ ಪರೀಕ್ಷೆಯೇ ಮಾಡದಿರುವುದಕ್ಕಿಂತ ಕೆಟ್ಟದ್ದು.

ಇರಾನಿನ ಆವೃತ್ತಿ ಬಂತೆಂದು ಪರ್ಷಿಯನ್ ಆಡುವವರಿಗೆಲ್ಲ ಅದು ಹೊಂದುತ್ತದೆ ಎನ್ನಲೂ ಆಗದು. ಅಫ್ಘಾನಿಸ್ತಾನದ ದರಿ, ತಜಿಕಿಸ್ತಾನದ ತಜಿಕ್ ಇದೇ ನುಡಿಯ ರೂಪಗಳಾದರೂ ಮನೆಯ ಬದುಕು ಬೇರೆ. ಇರಾನಿನೊಳಗೇ ತಬ್ರೀಜಿನ ಮಗು ಮನೆಯಲ್ಲಿ ಅಜೆರಿ ಆಡುತ್ತದೆ. ಡಬ್ಬಿ ಹಿಡಿದು ಅದು ‘ಕಾರು’ ಅಂದಿತೋ ‘ಕುರಿ’ ಅಂದಿತೋ ತಿಳಿಯಬೇಕಾದರೆ, ವಿಡಿಯೊ ನೋಡುವಾಗ ಆ ಭಾಷೆ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲೇಬೇಕು.